ಸಂಜೆ ನಾಲ್ಕಾದರೆ ಅವ್ವ ಚೀಲ ಹಿಡಿದು ಗೇಟ್ ಹತ್ತಿರ ಕೂರುತ್ತಾಳೆ. ಮನೆಗೆ ಕರೆದುಕೊಂಡು ಬರಬೇಕಾ?

ಗಂಗಾವತಿ ಮಗಳು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯಬೇಕು ಅಂತ ಮೊಬೈಲ್ ಹಿಡಿಯುವುದು, ಕೆಳಗಿಡುವುದು ಇದೇ ಆಗಿದೆ. ಇವತ್ತು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮವ್ವನಿಗೆ 79 ವರ್ಷ. ಊರು ಗಂಗಾವತಿ ಕಡೆ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಲ್ಲಿಂದ ಅವ್ವ ಒಬ್ಬಳೇ. ಒಂದು ಎಮ್ಮೆ ಕಟ್ಟಿದ್ದಳು, ಡೇರಿಗೆ ಹಾಲು ಹಾಕುತ್ತಿದ್ದಳು, ಯಾರ ಹಂಗೂ ಇಲ್ಲದೆ ಇದ್ದಳು. ಬಿಪಿ ಇದೆ, ಮಾತ್ರೆ ತಗೊಳ್ಳುತ್ತಾಳೆ. ಶುಗರ್ ಇಲ್ಲ.

ಕಾರ ಹುಣ್ಣಿಮೆಗೆ ಒಂದು ವಾರ ಇರುವಾಗ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಎದ್ದೇಳೋಕೆ ಆಗದೆ ಬೆಳಗಿನ ತನಕ ಕಲ್ಲಿನ ಮೇಲೆ ಹಾಗೇ ಮಲಗಿದ್ದಾಳೆ. ಎಮ್ಮೆ ಒಂದೇ ಸಮನೆ ಒದರುತ್ತಿದೆ ಅಂತ ಪಕ್ಕದ ಮನೆಯವರು ಬಂದು ನೋಡಿದ್ದಾರೆ. ಆಮೇಲೆ ಆಸ್ಪತ್ರೆ, ಪ್ಲಾಸ್ಟರ್.

ನಾನಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾನೂ ನನ್ನ ಗಂಡನೂ ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಏಳಕ್ಕೆ. ಅಣ್ಣ ಸಿಂಧನೂರಲ್ಲಿ ಇದ್ದಾನೆ. ಅತ್ತಿಗೆಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವನ ಮನೆಯಲ್ಲಿ ಆಗುವ ಮಾತೇ ಅಲ್ಲ. ಎಲ್ಲಾ ಕಡೆ ವಿಚಾರಿಸಿ ಬಳ್ಳಾರಿಯಲ್ಲಿ ಒಂದು ವೃದ್ಧರ ಮನೆಗೆ ಸೇರಿಸಿದೆವು. ತಿಂಗಳಿಗೆ 14,000 ರೂಪಾಯಿ. ಎಮ್ಮೆ ಮಾರಿದೆವು. ಇವತ್ತಿಗೆ 26 ದಿನ.

ಮನೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಕಂಬಿ ಇದೆ, ಹಾಸಿಗೆ ಸ್ವಚ್ಛ, ರೂಮಿಗೆ ನಾಲ್ಕು ಜನ. ಆದರೆ ಅವ್ವ ಊಟ ಬಿಡುತ್ತಿದ್ದಾಳೆ. ಸೇರಿಸುವಾಗ 46 ಕೆ.ಜಿ. ಇದ್ದಳು, ಮೊನ್ನೆ ಪ್ಲಾಸ್ಟರ್ ತೆಗೆಸಿದ ದಿನ 43. ಹಗಲೆಲ್ಲಾ ಸುಮ್ನೆ ಇರುತ್ತಾಳಂತೆ. ಸಂಜೆ ನಾಲ್ಕಾದರೆ ಎರಡು ಸೀರೆ, ತಂಬಿಗೆ ಎಲ್ಲಾ ಕೈಚೀಲಕ್ಕೆ ತುರುಕಿಕೊಂಡು ಗೇಟ್ ಪಕ್ಕದ ಬೆಂಚಿನ ಮೇಲೆ ಕೂರುತ್ತಾಳೆ. ಹೋಗಿ ಬರುವವರನ್ನೆಲ್ಲಾ 'ಬಸ್ ಬಂತೇನು?' ಅಂತ ಕೇಳುತ್ತಾಳೆ. ಕತ್ತಲಾದ ಮೇಲೆ ಒಳಗೆ ಕರೆದುಕೊಂಡು ಹೋಗುವುದೇ ದೊಡ್ಡ ಕೆಲಸವಂತೆ. ಹೋದ ವಾರ ಫೋನಿನಲ್ಲಿ 'ಪಂಚಮಿ ಬಂತು, ಉಂಡಿ ಕಟ್ಟಬೇಕು, ನೀ ಬರ್ತಿ, ಮನಿಯಾಗ ಏನೂ ಇಲ್ಲ' ಅಂದಳು. ಆಮೇಲೆ 'ನಾ ಏನ್ ತಪ್ಪು ಮಾಡೀನವ್ವ?' ಅಂತ ಕೇಳಿದಳು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಅಲ್ಲಿಯವರು 'ಮೊದಲ ಎರಡು ತಿಂಗಳು ಎಲ್ಲರೂ ಹೀಗೇ, ನೀವು ಬಂದಷ್ಟೂ ಜಾಸ್ತಿ ಆಗುತ್ತದೆ, ಸ್ವಲ್ಪ ದಿನ ಬರಬೇಡಿ' ಅನ್ನುತ್ತಾರೆ. ಇದು ನಿಜವಾ? ಅವ್ವನಿಗೆ ಮರೆವಿನ ಕಾಯಿಲೆ ಶುರುವಾಗಿದೆಯಾ? ಅಥವಾ ಕರೆದುಕೊಂಡು ಬಂದುಬಿಡಬೇಕಾ? ಊರ ಕಡೆ ಜನ ಆಡುವ ಮಾತು ಬೇರೆ.

ಇನ್ನೊಂದು ವಿಷಯ. ಅವ್ವನ ಹೆಸರಿನ ಮನೆಯನ್ನು ತನ್ನ ಹೆಸರಿಗೆ ಮಾಡಿಸಿದರೆ ತಿಂಗಳ ಖರ್ಚು ಪೂರ್ತಿ ತಾನೇ ಕೊಡುತ್ತೇನೆ ಅಂತ ಅಣ್ಣ ಹೇಳುತ್ತಿದ್ದಾನೆ. ಅವನು ಕೆಟ್ಟವನಲ್ಲ, ಆಸ್ಪತ್ರೆ ಖರ್ಚಿನಲ್ಲಿ ಸೋತಿದ್ದಾನೆ. ಇದಕ್ಕೆ ಏನು ಹೇಳಲಿ?

ಅನುಭವ ಇರುವವರು ದಯವಿಟ್ಟು ಹೇಳಿ.

ಕೊಪ್ಪಳದವನು

ತಂಗೀ, ನಾನು ನಮ್ಮಪ್ಪನನ್ನು ಹೀಗೇ ಒಂದು ಕಡೆ ಸೇರಿಸಿ, ಎರಡೇ ತಿಂಗಳಿಗೆ ವಾಪಸ್ ಕರೆದುಕೊಂಡು ಬಂದವನು. ಅದಕ್ಕೇ ಬರೆಯುತ್ತಿದ್ದೇನೆ.

ಮನೆಗೆ ಬಂದ ದಿನ ಅಪ್ಪ ಅಂಗಳದಲ್ಲಿ ಕೂತು ಎರಡು ರೊಟ್ಟಿ ಉಂಡರು. ಗವಿಮಠದ ಜಾತ್ರೆ ಹೊತ್ತು, ರಥ ಎಳೆಯುವ ದಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ದೂರದಿಂದ ತೋರಿಸಿದೆ. ಆ ಒಂದು ದಿನಕ್ಕೆ ನಾನು ಇವತ್ತಿಗೂ ಸಮಾಧಾನ ಪಡುತ್ತೇನೆ.

ಆದರೆ ಆಮೇಲಿನದ್ದನ್ನೂ ಹೇಳಬೇಕು. ಬೇಸಿಗೆಗೆ ಅವರು ಹಾಸಿಗೆ ಹಿಡಿದರು. ಹಗಲು ಹೆಂಡತಿ, ರಾತ್ರಿ ನಾನು. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ನಿದ್ದೆ ಹತ್ತಿದವರನ್ನು ಯಾಕೆ ಎಬ್ಬಿಸುವುದು ಅಂತ ಬಿಡುತ್ತಿದ್ದೆ. ಒಂದು ದಿನ ಮೈ ಒರೆಸುವಾಗ ಬೆನ್ನಿನ ಕೆಳಗೆ, ಟೊಂಕದ ಹತ್ತಿರ, ರೂಪಾಯಿ ಅಗಲ ಕೆಂಪಾಗಿತ್ತು. ಎಣ್ಣೆ ಹಚ್ಚಿದೆವು. ವಾರದೊಳಗೆ ಅದು ಹುಣ್ಣಾಯಿತು. ಗಾಳಿ ತುಂಬುವ ಹಾಸಿಗೆ ತಂದಿದ್ದು ಆಮೇಲೆ. ಮೊದಲೇ ತರಬೇಕಿತ್ತು.

ಕರೆದುಕೊಂಡು ಬರಬೇಡಿ ಅಂತ ಹೇಳುತ್ತಿಲ್ಲ. ಬರುವುದಾದರೆ ಹಗಲು ಯಾರು, ರಾತ್ರಿ ಯಾರು, ಆ ಮನುಷ್ಯನಿಗೇ ಜ್ವರ ಬಂದರೆ ಯಾರು, ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮೂರನೇ ಮಹಡಿಗೆ ಒಯ್ದು ಹಗಲೆಲ್ಲಾ ಬೀಗ ಹಾಕಿ ಹೋಗುವ ಹಾಗಾದರೆ ಬೇಡ.

ಬಳ್ಳಾರಿ ಅಕ್ಕ

ಮಗಳೇ, ನಿನ್ನನ್ನು ಹೀಗೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾನು ಬಳ್ಳಾರಿಯಲ್ಲೇ ಒಂದು ವೃದ್ಧರ ಮನೆಯಲ್ಲಿ 11 ವರ್ಷದಿಂದ ಇದ್ದೇನೆ. ಆಯಾ ಆಗಿ ಸೇರಿದೆ, ಈಗ ಉಸ್ತುವಾರಿ ನನ್ನದು. ನಮ್ಮಲ್ಲಿ 32 ಜನ ಇದ್ದಾರೆ. ನಿಮ್ಮ ಅವ್ವ ಇರುವ ಮನೆ ಯಾವುದು ಅಂತ ಕೇಳಲ್ಲ. ನೀನು ಬರೆದಿದ್ದು ಓದಿ ಕೆಲವು ಮಾತು ಹೇಳಲೇಬೇಕು ಅನ್ನಿಸಿತು.

ಮೊದಲು ಊಟ. ಮನಸ್ಸಿನ ಬೇಸರ ಅಂತ ಎಲ್ಲರೂ ಹೇಳುತ್ತಾರೆ. ಬೇಸರ ಇರುತ್ತದೆ, ಸರಿ. ಆದರೆ ಹೊಸದಾಗಿ ಬಂದವರು ಉಣ್ಣದಿದ್ದರೆ ನಾನು ಮೊದಲು ಬಾಯಿ ತೆರೆಸಿ ನೋಡುತ್ತೇನೆ. ಒಬ್ಬ ಅಜ್ಜ ಹತ್ತು ದಿನ ರೊಟ್ಟಿ ಮುಟ್ಟಲಿಲ್ಲ, 'ಹಸಿವಿಲ್ಲ' ಅನ್ನುತ್ತಿದ್ದರು. ಟಾರ್ಚ್ ಬಿಟ್ಟು ನೋಡಿದರೆ ಕೆಳಗಿನ ವಸಡಿನ ಮೇಲೆ ಹುಣ್ಣು. ನಾಚಿಕೆಗೆ ಹೇಳಿರಲಿಲ್ಲ. ನಿಮ್ಮ ಅವ್ವನಿಗೆ ಸ್ವಂತ ಹಲ್ಲಾ, ಕಟ್ಟಿಸಿದ ಸೆಟ್ಟಾ? ಸೆಟ್ ಆದರೆ ಅದು ಈಗ ಎಲ್ಲಿದೆ? ನೀನು ಬರೆದ ಸಾಮಾನಿನಲ್ಲಿ ಅದಿಲ್ಲ. ಬಿದ್ದ ರಾತ್ರಿ ಅದು ಬಾಯಲ್ಲಿ ಇತ್ತಾ, ಊರ ಮನೆಯಲ್ಲೇ ಉಳಿಯಿತಾ, ನೋಡು. ಮಣಿಕಟ್ಟು ಮುರಿದದ್ದು ಬಲಗೈ ಬೇರೆ. ಎಡಗೈಯಲ್ಲಿ ರೊಟ್ಟಿ ಮುರಿದು, ಎಡಗೈಯಲ್ಲೇ ನಾಲ್ಕು ಜನರ ಎದುರು ಉಣ್ಣುವುದು ಆ ವಯಸ್ಸಿನವರಿಗೆ ಎಷ್ಟು ಕಷ್ಟ ಗೊತ್ತಾ? ಹಸಿದೇ ಇರುತ್ತಾರೆ ಹೊರತು ಉಣ್ಣಿಸು ಅಂತ ಕೇಳಲ್ಲ. ನಾವು ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ಚೂರು ಮಾಡಿ ನೆನೆಸಿ, ಚಮಚ ಇಟ್ಟು, ತಟ್ಟೆಯನ್ನು ಅವರ ಮಂಚದ ಹತ್ತಿರವೇ ಕೊಡುತ್ತೇವೆ. ಅಲ್ಲಿಯೂ ಹಾಗೆ ಕೇಳು, ಮಾಡುತ್ತಾರೆ.

ಒಂದು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ. 46ರಿಂದ 43 ಅಂದರೆ ಅದನ್ನು ದಾಟಿದೆ. 'ಹೊಂದಿಕೊಳ್ಳುತ್ತಾರೆ' ಅಂತ ಕಾಯಬೇಡ.

ಎರಡನೆಯದು, ಮರೆವು. ಊರಲ್ಲಿ ಇದ್ದಾಗ ಡೇರಿ ಲೆಕ್ಕ ಸರಿಯಾಗಿ ಇಟ್ಟುಕೊಂಡಿದ್ದರಾ? ಇಟ್ಟುಕೊಂಡಿದ್ದರೆ, ಒಂದೇ ತಿಂಗಳಲ್ಲಿ ಇಷ್ಟು ಗೊಂದಲ ಆಗಿದ್ದರೆ, ಅದನ್ನು ತಕ್ಷಣ ಮರೆವಿನ ಕಾಯಿಲೆ ಅನ್ನಬೇಡ. ಮರೆವಿನ ಕಾಯಿಲೆ ಮೆಲ್ಲಗೆ ಬರುತ್ತದೆ, ತಿಂಗಳು ವರ್ಷ ಹಿಡಿಯುತ್ತದೆ. ದಿಢೀರ್ ಅಂತ ಮಾತು ದಾರಿ ತಪ್ಪಿದರೆ ಮೂತ್ರದ ಸೋಂಕು ಇರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ನಾಲ್ಕೈದು ದಿನ ಮಲಬದ್ಧತೆ ಇರಬಹುದು. ವಯಸ್ಸಾದವರಲ್ಲಿ ಸೋಂಕಿಗೆ ಜ್ವರ ಬಂದೇ ಬರುತ್ತದೆ ಅಂತಿಲ್ಲ. ಮಾತು ತಪ್ಪುವುದೇ ಮೊದಲು ಕಾಣುತ್ತದೆ. ಮೂತ್ರ, ರಕ್ತ ಎರಡೂ ಪರೀಕ್ಷೆ ಮಾಡಿಸು.

ಮಾತ್ರೆಗಳನ್ನೂ ನೋಡು. ಇದನ್ನು ನಾನು ಒತ್ತಿ ಹೇಳುತ್ತೇನೆ. ಊರ ಡಾಕ್ಟರ್ ಒಂದು ಬರೆದಿರುತ್ತಾರೆ, ಮೂಳೆ ಆಸ್ಪತ್ರೆಯವರು ಇನ್ನೊಂದು ಬರೆದಿರುತ್ತಾರೆ. ಮೇಲಿನ ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಚೀಲದಲ್ಲಿ ಎರಡೂ ಪಟ್ಟಿ ಇದ್ದರೆ ಎರಡನ್ನೂ ಕೊಟ್ಟುಬಿಡುತ್ತಾರೆ. ನಮ್ಮಲ್ಲೂ ಒಮ್ಮೆ ಹಾಗಾಗಿತ್ತು. ಅವತ್ತಿನಿಂದ ಹೊಸಬರು ಬಂದರೆ ಎಲ್ಲಾ ಮಾತ್ರೆ ಟೇಬಲ್ ಮೇಲೆ ಸುರಿದು, ಡಾಕ್ಟರ್ ಎದುರೇ ಒಂದೊಂದಾಗಿ ನೋಡಿ ಪಟ್ಟಿ ಬರೆಯುತ್ತೇವೆ.

ನೀರು. ವಯಸ್ಸಾದ ಮೇಲೆ ಬಾಯಾರಿಕೆ ಅಷ್ಟಾಗಿ ಗೊತ್ತಾಗಲ್ಲ. ಅದರ ಮೇಲೆ 'ನೀರು ಕುಡಿದರೆ ರಾತ್ರಿ ಏಳಬೇಕು, ಎದ್ದರೆ ಬೀಳುತ್ತೇನೆ' ಅನ್ನುವ ಭಯ. ಒಮ್ಮೆ ಬಚ್ಚಲಲ್ಲಿ ಬಿದ್ದವರು ಮತ್ತೆ ರಾತ್ರಿ ಅಲ್ಲಿಗೆ ಹೋಗೋಕೆ ಹೆದರಿ ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಬಳ್ಳಾರಿ ಬಿಸಿಲಿಗೆ ಇದು ಬಹಳ ಕೆಟ್ಟದ್ದು. ನಾನು ಪ್ರತಿಯೊಬ್ಬರ ತಂಬಿಗೆಯ ಕುತ್ತಿಗೆಗೆ ಒಂದೊಂದು ಬಣ್ಣದ ದಾರ ಕಟ್ಟಿದ್ದೇನೆ. ಬೆಳಗ್ಗೆ ಒಂದು ತಂಬಿಗೆ, ಮಧ್ಯಾಹ್ನ ಒಂದು, ಸಂಜೆ ಆರರ ಒಳಗೆ ಅರ್ಧ. ಖಾಲಿ ಆದಾಗಲೆಲ್ಲಾ ದಾರಕ್ಕೆ ಒಂದು ಗಂಟು. ರಾತ್ರಿ ಆಯಾ ಬಂದರೆ ಯಾರನ್ನೂ ಕೇಳುವುದೇ ಬೇಡ, ಗಂಟು ಎಣಿಸಿದರೆ ಸಾಕು. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಡಾಕ್ಟರ್ ಹೇಳಿದ ಅಳತೆ.

ಈಗ ನಾಲ್ಕು ಗಂಟೆ ವಿಷಯ. ಹೊತ್ತು ಇಳಿಯುವಾಗ ಗೊಂದಲ ಜಾಸ್ತಿ ಆಗುವುದು ಬಹಳ ಜನರಲ್ಲಿ ಇದೆ. ಆದರೆ ನಿಮ್ಮ ಅವ್ವನದ್ದು ಓದಿದ ಕೂಡಲೇ ನನಗೆ ಬೇರೆ ಹೊಳೆಯಿತು. ನಮ್ಮಲ್ಲಿ ಕೌಲ್ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಇದ್ದರು. ರಾತ್ರಿ ಒಂಬತ್ತಾದರೆ ಎದ್ದು ಬಂದು ಎಲ್ಲಾ ಬಾಗಿಲ ಚಿಲಕ ಎಳೆದು ನೋಡುತ್ತಿದ್ದರು. ಮೊದಲು ನಾವು 'ಮಲಗಿ ಅಪ್ಪಾಜಿ' ಅಂತ ವಾಪಸ್ ಕಳಿಸುತ್ತಿದ್ದೆವು, ಜಗಳ ಆಗುತ್ತಿತ್ತು. ಆಮೇಲೆ ಮುಂಬಾಗಿಲ ಬೀಗ ಹಾಕುವ ಕೆಲಸವನ್ನೇ ಅವರಿಗೆ ಕೊಟ್ಟೆವು. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಹೋಗಿ ಮಲಗುತ್ತಿದ್ದರು.

ಹೇಳು, ಊರಲ್ಲಿ ಸಂಜೆ ನಾಲ್ಕಕ್ಕೆ ನಿಮ್ಮ ಅವ್ವ ಏನು ಮಾಡುತ್ತಿದ್ದರು? ಎಮ್ಮೆ ಹಿಂಡುವ ಹೊತ್ತಲ್ವಾ ಅದು? ಎಮ್ಮೆ ಮಾರಿದ್ದನ್ನು ಅವರಿಗೆ ಎದುರು ಕೂತು ಹೇಳಿದ್ದೀರಾ?

ಆ ಹೊತ್ತಿಗೆ ಅವರ ಕೈಗೆ ಏನಾದರೂ ಕೆಲಸ ಕೊಡಲಿಕ್ಕೆ ಹೇಳು. ಕೈ ಈಗಷ್ಟೇ ಕೂಡಿದೆ, ಭಾರ ಬೇಡ. ಹತ್ತಿ ಕೊಟ್ಟು ಬತ್ತಿ ಹೊಸೆಯಲಿ, ಮೆಂತ್ಯ ಪಲ್ಯ ಸೋಸಲಿ, ಅಕ್ಕಿ ಆರಿಸಲಿ. ಮೂರೂವರೆಗೇ ಶುರುವಾಗಬೇಕು, ಚೀಲ ಕೈಗೆ ಬರುವುದಕ್ಕೆ ಮುಂಚೆ. ಮತ್ತೆ ಸುಮ್ನೆ ಕಾಲ ಕಳೆಯೋಕೆ ಕೊಟ್ಟ ಕೆಲಸ ಆಗಬಾರದು. ಆ ಬತ್ತಿ ಸಂಜೆ ದೀಪಕ್ಕೆ ಹೋಗಬೇಕು, ಆ ಪಲ್ಯ ರಾತ್ರಿ ಊಟಕ್ಕೆ ಬರಬೇಕು. ಅವರಿಗೆ ಗೊತ್ತಾಗುತ್ತದೆ.

'ಬರಬೇಡಿ' ಅನ್ನುವ ಮಾತು ನಾನು ಒಪ್ಪಲ್ಲ. ಬಾ. ಆದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಬಾ. 'ನಾಳೆ ಮನೆಗೆ ಹೋಗೋಣ' ಅಂತ ಸಮಾಧಾನಕ್ಕೆ ಸುಳ್ಳು ಹೇಳಬೇಡ. ಆ ನಾಳೆಗೆ ಅವರು ಚೀಲ ಕಟ್ಟಿಕೊಂಡು ಕಾಯುತ್ತಾರೆ, ಕಾಯುವುದನ್ನು ನೋಡುವವರು ನಾವು. 'ಇವತ್ತು ಕರ್ಕೊಂಡು ಹೋಗಲ್ಲ ಅವ್ವ, ಬರೋ ಭಾನುವಾರ ಹತ್ತಕ್ಕೆ ಬರ್ತೀನಿ' ಅನ್ನು. ಹೊರಡುವಾಗ ಕಣ್ಣು ತಪ್ಪಿಸಿ ಓಡಬೇಡ, ಹೇಳಿಯೇ ಹೋಗು. ಊಟದ ಹೊತ್ತಿಗೆ ಹೊರಟರೆ ಸುಲಭ, ತಟ್ಟೆ ಮುಂದೆ ಇರುತ್ತದೆ, ಪಕ್ಕದಲ್ಲಿ ಜನ ಇರುತ್ತಾರೆ.

ಹೋದಾಗ ಹಿಮ್ಮಡಿ, ಟೊಂಕ ನೋಡು, ಕೆಂಪಾಗಿದೆಯಾ ಅಂತ. ಕೊಪ್ಪಳದ ಅಣ್ಣಾವ್ರು ಹೇಳಿದ್ದು ನಿಜ. ಕೆಂಪಾದ ಜಾಗ ಉಜ್ಜಬಾರದು, ಅದರ ಮೇಲೆ ಭಾರ ಬೀಳದಂತೆ ಮಾಡಬೇಕು. ಉಗುರು ಕತ್ತರಿಸಿದ್ದಾರಾ, ಮೈಮೇಲೆ ಇರುವುದು ಅವರದೇ ಸೀರೆಯಾ, ರಾತ್ರಿ ಬಚ್ಚಲ ದಾರಿಗೆ ದೀಪ ಇರುತ್ತದಾ, ರಾತ್ರಿ ಎಷ್ಟು ಜನ ಆಯಾ, ಕೇಳು. ಕೇಳಿದರೆ ಸಿಟ್ಟಾಗುವ ಮನೆ ಒಳ್ಳೆಯದಲ್ಲ. ಆಯಾಗಳ ಹೆಸರು ತಿಳಿದುಕೊಂಡು ಹೆಸರು ಹಿಡಿದು ಮಾತಾಡಿಸು. ನಮ್ಮನ್ನು ಹೆಸರು ಕೇಳುವವರು ಬಹಳ ಕಡಿಮೆ.

ರಾಯಚೂರು ಟೀಚರ್

ನಾನು ಒಳಗಿನಿಂದ ಬರೆಯುತ್ತಿದ್ದೇನೆ. ವಯಸ್ಸು 74. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ರಾಯಚೂರಿನ ಒಂದು ವೃದ್ಧರ ಮನೆಯಲ್ಲಿ ಮೂರು ವರ್ಷದಿಂದ ಇದ್ದೇನೆ. ಮಗಳು ಹೈದರಾಬಾದಿನಲ್ಲಿ. ಇಲ್ಲಿಗೆ ಬರುತ್ತೇನೆ ಅಂದವಳು ನಾನೇ. ಆದರೂ ಮೊದಲ ತಿಂಗಳು ರಾತ್ರಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿದ್ದೇನೆ.

ಯಾವುದಕ್ಕೆ ಅತ್ತೆ ಅಂತ ಹೇಳಿದರೆ ನಿಮಗೆ ಸಣ್ಣದು ಅನ್ನಿಸಬಹುದು. ಚಹಾ ಬೇಕು ಅನ್ನಿಸಿದಾಗ ಎದ್ದು ಒಲೆ ಹಚ್ಚುವ ಹಾಗಿಲ್ಲ. ಒಂಬತ್ತಕ್ಕೆ ದೀಪ ಆರಿಸುತ್ತಾರೆ, ನನಗೆ ಹನ್ನೊಂದರ ತನಕ ಓದುವ ಅಭ್ಯಾಸ. ಎಲ್ಲಕ್ಕಿಂತ ಜಾಸ್ತಿ, ಸೊಂಟದಲ್ಲಿ ಬೀಗದ ಕೈ ಇಲ್ಲ. ನಲವತ್ತು ವರ್ಷ ಸೆರಗಿನ ತುದಿಗೆ ಇದ್ದ ಗೊಂಚಲು. ನಡೆಯುವಾಗ ಅದರ ಸದ್ದು ಇಲ್ಲದೆ ನನಗೆ ನಾನೇ ಬೇರೆ ಯಾರೋ ಅನ್ನಿಸುತ್ತಿತ್ತು. ಮಗಳಿಗೆ ಹೇಳಿದೆ. ಅವಳು ಒಂದು ತಗಡಿನ ಟ್ರಂಕ್ ತಂದು ಮಂಚದ ಕೆಳಗೆ ಇಟ್ಟು, ಬೀಗ ಹಾಕಿ, ಕೈ ನನಗೆ ಕೊಟ್ಟಳು. ಒಳಗೆ ಇರುವುದು ನಾಲ್ಕು ಪುಸ್ತಕ, ಒಂದು ಡಬ್ಬಿ ಶೇಂಗಾ ಹಿಂಡಿ, ಸ್ವಲ್ಪ ದುಡ್ಡು. ನಿಮ್ಮ ತಾಯಿಗೂ ಹಾಗೆ ಒಂದು ಕೊಡಿ. ಚೀಲ ಕಟ್ಟುವವರಿಗೆ ಸಾಮಾನು ಇಡೋಕೆ ತಮ್ಮದು ಅನ್ನುವ ಒಂದು ಜಾಗ ಬೇಕು.

ಈಗ ನನಗೂ ಕೆಲಸ ಇದೆ. ಬೆಳಗ್ಗೆ ಪೇಪರ್ ಜೋರಾಗಿ ಓದುತ್ತೇನೆ, ಕಣ್ಣು ಮಂದ ಆದವರು ಸುತ್ತ ಕೂರುತ್ತಾರೆ. ನಮ್ಮಲ್ಲಿ ರೈಲ್ವೆ ಪಿಂಚಣಿಯವರು ಇಬ್ಬರು ಇದ್ದಾರೆ. ನವೆಂಬರ್ ಬಂದರೆ ಅವರ ಜೀವನ ಪ್ರಮಾಣಪತ್ರ ಮೊಬೈಲಿನಲ್ಲಿ ನಾನೇ ಮಾಡಿಕೊಡುತ್ತೇನೆ. ಮೊದಲು ಬೆರಳಚ್ಚು ಕೊಡೋಕೆ ಹೋಗಬೇಕಿತ್ತು, ಸವೆದ ಬೆರಳು ಯಂತ್ರಕ್ಕೆ ತಗಲುತ್ತಿರಲಿಲ್ಲ. ಈಗ ಮುಖ ತೋರಿಸಿದರೆ ಆಗುತ್ತದೆ. ಕಣ್ಣು ಮಿಟುಕಿಸಿ ಅಂದಾಗ ಇಬ್ಬರೂ ಎಷ್ಟು ಗಂಭೀರವಾಗಿ ಮಿಟುಕಿಸುತ್ತಾರೆ ಅಂದರೆ, ನನಗೆ ನನ್ನ ಎಂಟನೇ ತರಗತಿ ಹುಡುಗರು ನೆನಪಾಗುತ್ತಾರೆ.

ಪಂಚಮಿ ಅಂತ ಬರೆದಿದ್ದೀರಿ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನಮ್ಮ ಸೀಮೆಯಲ್ಲಿ ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ, ತಾಯಿ ಉಂಡಿ ಕಟ್ಟಿ ಇಡುತ್ತಾಳೆ. ನಿಮ್ಮ ತಾಯಿ ಗೇಟಿನ ಹತ್ತಿರ ಕೂರುವುದು ತಮಗೋಸ್ಕರ ಅಲ್ಲ ಅನ್ನಿಸುತ್ತದೆ. ಬರುವ ಮಗಳಿಗೆ ಕೊಡೋಕೆ ಕೈಯಲ್ಲಿ ಏನೂ ಇಲ್ಲ ಅನ್ನುವ ಸಂಕಟ ಅದು. ಪಂಚಮಿಗೆ ಅಲ್ಲಿಗೇ ಹೋಗಿ. ನೀವು ಡಬ್ಬಿ ತುಂಬಿಸಿಕೊಂಡು ಹೋಗಬೇಡಿ. ದುಡ್ಡು ಅವರ ಕೈಗೆ ಕೊಡಿ, ಅವರೇ ಬೆಲ್ಲ, ಶೇಂಗಾ, ಎಳ್ಳು ತರಿಸಲಿ. ಅವರು ಕಟ್ಟಲಿ, ನೀವು ತಿನ್ನಿ.

ಸಿಂಧನೂರು ವಕೀಲ

ಮನೆ ಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ತಾಯಿಗೆ ಈಗ ಗೊಂದಲ ಇದೆ ಅಂತ ನೀವೇ ಬರೆದಿದ್ದೀರಿ. ಈ ಸ್ಥಿತಿಯಲ್ಲಿ ಯಾವ ಕಾಗದಕ್ಕೂ ಸಹಿ ಮಾಡಿಸಬೇಡಿ. ನಾಳೆ ಅಣ್ಣನಿಗೇ ತೊಂದರೆ. ಡಾಕ್ಟರ್ ನೋಡಲಿ, ಅವರ ಮನಸ್ಸು ತಿಳಿಯಾಗಲಿ, ಆಮೇಲೆ ಅವರನ್ನೇ ಕೇಳಿ.

ಅವರು ಮನಸ್ಸಾರೆ ಕೊಡುತ್ತೇನೆ ಅಂದರೆ, ದಾನಪತ್ರದಲ್ಲಿ 'ನನ್ನನ್ನು ನೋಡಿಕೊಳ್ಳಬೇಕು, ತಿಂಗಳ ಖರ್ಚು ಕೊಡಬೇಕು' ಅನ್ನುವ ಷರತ್ತನ್ನು ಬಿಡಿಸಿ ಬರೆಸಿ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತಿನ ಮೇಲೆ ಕೊಟ್ಟ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಕಷ್ಟ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2025ರ ಒಂದು ತೀರ್ಪು ತಂದೆತಾಯಿಯ ಪರ ಸ್ವಲ್ಪ ಸಡಿಲವಾಗಿ ನೋಡಿದೆ, ಆದರೂ ಅದನ್ನು ನಂಬಿ ಕೂರಬೇಡಿ, ಬರೆಸಿ. ದೂರು ಕೊಡುವುದಾದರೆ ನಿಮ್ಮ ಊರಿಗೆ ಕೊಪ್ಪಳದ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸು. ಮಾಹಿತಿಗೆ ಹಿರಿಯರ ಸಹಾಯವಾಣಿ 14567, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ತನಕ.

ಅಣ್ಣನ ಜೊತೆ ಕೂತು ಮಾತಾಡಿ. ಅವರ ಮನೆಯಲ್ಲೂ ಒಬ್ಬರು ಕಾಯಿಲೆಯವರು ಇದ್ದಾರೆ.

ಗಂಗಾವತಿ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಬಳ್ಳಾರಿ ಅಕ್ಕ, ನೀವು ಬರೆದ ರಾತ್ರಿಯೇ ಪಕ್ಕದ ಮನೆಯ ಚಿಗವ್ವನಿಗೆ ಫೋನ್ ಮಾಡಿ ನಮ್ಮ ಮನೆ ಬೀಗ ತೆಗೆಸಿದೆ. ಬಚ್ಚಲ ಗೋಡೆಯ ಗೂಡಿನಲ್ಲಿ ಸ್ಟೀಲ್ ಲೋಟ. ಲೋಟದಲ್ಲಿ ಹಲ್ಲಿನ ಸೆಟ್. ನೀರು ಆರಿ ಹೋಗಿ ಮೇಲೆ ಧೂಳು ಕೂತಿತ್ತಂತೆ. ಬೀಳುವ ಮುಂಚೆ ತೆಗೆದಿಟ್ಟಿದ್ದಾಳೆ. ಒಂದೂವರೆ ತಿಂಗಳು ಅವ್ವ ಹಲ್ಲಿಲ್ಲದೆ ಇದ್ದಳು, ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಅವಳ ಪಕ್ಕದಲ್ಲೇ ಇದ್ದೆ, ಬಾಯಿ ಗುಳಿ ಬಿದ್ದಿದ್ದು ನೋವಿಗೆ ಅಂದುಕೊಂಡಿದ್ದೆ.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊರಟು ಬಳ್ಳಾರಿಗೆ ಹೋದೆ. ಡಾಕ್ಟರಿಗೆ ತೋರಿಸಿದೆ, ರಕ್ತ, ಮೂತ್ರ ಎಲ್ಲಾ ಆಯಿತು. ಮೂತ್ರದಲ್ಲಿ ಏನಿಲ್ಲ. ಸೋಡಿಯಂ ಇಳಿದಿತ್ತು. ಮಾತ್ರೆಗಳನ್ನು ಸುರಿದು ನೋಡಿದರೆ ಅಕ್ಕ ಹೇಳಿದ ಹಾಗೇ ಇತ್ತು. ಗಂಗಾವತಿ ಡಾಕ್ಟರ್ ಬರೆದ ಬಿಪಿ ಮಾತ್ರೆಯಲ್ಲೂ, ಮೂಳೆ ಆಸ್ಪತ್ರೆಯಲ್ಲಿ ಕೊಟ್ಟ ಹೊಸದರಲ್ಲೂ ನೀರಿಳಿಸುವ ಔಷಧಿ. ಎರಡನ್ನೂ ನುಂಗುತ್ತಿದ್ದಳು, ಸೋಡಿಯಂ ಇಳಿದಿದ್ದು ಅದಕ್ಕೇ ಅಂತೆ. ಹಳೆ ಪಟ್ಟಿಗಳನ್ನು ಚೀಲಕ್ಕೆ ಹಾಕಿ ಕಳಿಸಿದವಳು ನಾನೇ. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಸರಿ ಮಾಡಿದರು. ಎರಡೂ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟಿದ್ದಾರೆ. ಮರೆವಿನ ಪರೀಕ್ಷೆ ಒಂದು ತಿಂಗಳು ಬಿಟ್ಟು ಮಾಡೋಣ ಅಂದಿದ್ದಾರೆ.

ಎಮ್ಮೆ ಮಾರಿದ ವಿಷಯ ಆಸ್ಪತ್ರೆಯಲ್ಲೇ ಹೇಳಿದೆ. ಫೋನಿನಲ್ಲಿ ಒಮ್ಮೆ ಅಣ್ಣ ಹೇಳಿದ್ದನಂತೆ, ಅವ್ವ ನಂಬಿರಲಿಲ್ಲ. 'ಯಾರಿಗೆ ಕೊಟ್ರಿ?' ಅಂದಳು. ಅದೇ ಊರಿನ ಕೊನೇ ಓಣಿಯವರಿಗೆ ಅಂದೆ. 'ಅವರ ಮನಿಯಾಗ ಹೊಟ್ಟು ಹಾಕ್ತಾರೋ ಇಲ್ಲೋ' ಅಂದಳು. ಆಮೇಲೆ ಆ ಕಡೆ ತಿರುಗಿ ಮಲಗಿದಳು. ಊಟದ ಹೊತ್ತಿನ ತನಕ ಮಾತಾಡಲಿಲ್ಲ.

ಈಗ ಅಲ್ಲಿನ ಆಯಾ ಒಬ್ಬಳು ಮೂರೂವರೆಗೆ ಹತ್ತಿ ತಂದು ಪಕ್ಕದಲ್ಲಿ ಕೂರುತ್ತಾಳೆ. ಅವಳ ಊರು ಕಂಪ್ಲಿ ಕಡೆ, ಅವರ ಮನೆಯಲ್ಲೂ ಎಮ್ಮೆ ಇದೆ. ಇಬ್ಬರಿಗೂ ಅದೇ ಮಾತು. ಕೆಲವು ದಿನ ಅವ್ವ ಇನ್ನೂ ಚೀಲ ತೆಗೆದುಕೊಳ್ಳುತ್ತಾಳೆ. ಆದರೆ ಈಗ ಬೆಂಚಿನ ತನಕ ಹೋಗಿ, ಕತ್ತಲಾಗುವ ಮುಂಚೆ ತಾನೇ ವಾಪಸ್ ಬರುತ್ತಾಳಂತೆ. ತೂಕ ಹೋದ ಸೋಮವಾರ 43.5. ಕಾಗದದ ಮಾತು ಸದ್ಯಕ್ಕೆ ಬೇಡ ಅಂತ ಅಣ್ಣನಿಗೆ ಹೇಳಿದೆ. ಅವನೂ ಸುಮ್ಮನಾದ.

ಟೀಚರ್, ಪಂಚಮಿಗೆ ಹೋಗಿದ್ದೆ. ಐನೂರು ರೂಪಾಯಿ ಅವ್ವನ ಕೈಗೆ ಕೊಟ್ಟೆ. ಎಲ್ಲಿಂದ ಏನು ತರಬೇಕು ಅಂತ ಹುಡುಗನಿಗೆ ಅವಳೇ ಹೇಳಿದಳು. ಬೆಲ್ಲ ಕಪ್ಪಾಗಿದೆ ಅಂತ ವಾಪಸ್ ಕಳಿಸಿ ಬೇರೆ ತರಿಸಿದಳು! ಅಡುಗೆ ಮನೆಯಲ್ಲಿ ಪಾಕ ಹಿಡಿದಿದ್ದು ಅಲ್ಲಿಯ ಅಡುಗೆಯವರು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು 'ಇನ್ನಾ ಬರಬೇಕು, ಇನ್ನಾ ಬರಬೇಕು' ಅನ್ನುತ್ತಿದ್ದವಳು ಅವ್ವ. ಬಲಗೈ ಪೂರ್ತಿ ಮುಚ್ಚಲ್ಲ, ಹಾಗಾಗಿ ಉಂಡಿ ದುಂಡಗೆ ಬರಲಿಲ್ಲ, ಒಂದು ಕಡೆ ಚಪ್ಪಟೆ. ರೂಮಿನವರಿಗೆಲ್ಲಾ ಎರಡೆರಡು ಹಂಚಿದಳು. ನನಗೆ ಡಬ್ಬಿ ತುಂಬಿ ಕೊಟ್ಟಳು. ಸಂಜೆ ಗೇಟಿನ ತನಕ ಬಂದಳು. 'ಹೊತ್ತಾತು, ಬಸ್ ಬಂತೇನ್ ನೋಡು, ನಿಂಗ ತಡ ಆಕ್ಕತಿ' ಅಂದಳು.

ಅಕ್ಕ, ಒಂದು ಕೇಳುವುದಿದೆ. ಸೆಟ್ ಈಗ ಸಡಿಲ ಆಗಿದೆ, ಮಾತಾಡುವಾಗ ಕೆಳಗಿಳಿಯುತ್ತದೆ. ಹೊಸದೇ ಮಾಡಿಸಬೇಕಾ? ರಾತ್ರಿ ಅದನ್ನು ಎಲ್ಲಿಡಬೇಕು?

ಬಳ್ಳಾರಿ ಅಕ್ಕ

ಇಷ್ಟು ದಿನ ಹಾಕದೆ ಇದ್ದರೆ ವಸಡು ಬದಲಾಗಿರುತ್ತದೆ. ಒಣಗಿದರೆ ಸೆಟ್ ಕೂಡ ಸ್ವಲ್ಪ ಆಕಾರ ಕೆಡುತ್ತದೆ. ಹಲ್ಲಿನ ಡಾಕ್ಟರ್ ಒಳಗಡೆ ಹೊಸ ಪದರ ಹಾಕಿ ಬಿಗಿ ಮಾಡಿ ಕೊಡಬಹುದು, ಮೊದಲು ಅದನ್ನು ಕೇಳು. ಅಲ್ಲಿಯವರೆಗೆ ಗಟ್ಟಿ ರೊಟ್ಟಿ ಬೇಡ, ನೆನೆಸಿದ್ದೇ ಕೊಡಲಿ. ರಾತ್ರಿ ತೆಗೆದು ತೊಳೆದು ತಣ್ಣೀರಿನ ಡಬ್ಬಿಯಲ್ಲಿ ಮುಳುಗಿಸಿ ಇಡಬೇಕು. ಬಿಸಿ ನೀರು ಹಾಕಬೇಡಿ. ಡಬ್ಬಿ ಮೇಲೆ ಅವ್ವನ ಹೆಸರು ಬರೆದು ಅಂಟಿಸು, ನಾಲ್ಕು ಜನರ ರೂಮು, ಅದಲು ಬದಲು ಆಗುತ್ತದೆ. ಕೈಗೆ ಡಾಕ್ಟರ್ ವ್ಯಾಯಾಮ ಹೇಳಿಕೊಟ್ಟಿದ್ದರೆ ಬತ್ತಿ ಹೊಸೆಯುವುದಕ್ಕೆ ಮುಂಚೆ ಅದನ್ನು ಮಾಡಿಸಲಿ, ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟ ಮೇಲೆ.